ಆದಿಕ್ರೈಸ್ತ ತತ್ತ್ವವಾದಗಳೂ ಕನ್ನಡ ಪರಿಭಾಷೆಯೂ

ಒಂದು ಮತವು ತಾನು ಹುಟ್ಟಿದ ಭಾಷೆಯನ್ನು ಬಿಟ್ಟು ಮತ್ತೊಂದು ಭಾಷೆಯನ್ನು ಪ್ರವೇಶಿಸುವಾಗ ಅದರ ಕಥಾಭಾಗವು ಸುಲಭವಾಗಿ ಬರುತ್ತದೆ; ಭಕ್ತಿಭಾಗವೂ ಅಷ್ಟೇ ಸುಲಭವಾಗಿ ಬರುತ್ತದೆ; ತರ್ಕಭಾಗವು ಮಾತ್ರ ಬಹುಕಾಲ ಹೊಸ್ತಿಲಲ್ಲಿಯೇ ನಿಂತಿರುತ್ತದೆ. ಕ್ರೈಸ್ತಮತವು ಕನ್ನಡಕ್ಕೆ ಬಂದ ಬಗೆಯನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವನು ೧೮೧೦ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ತೊಡಗಿದನು. ೧೮೩೦ರ ದಶಕದ ಆದಿಭಾಗದ ಹೊತ್ತಿಗೆ ಸಮಗ್ರ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿತ್ತು. ಬಾಸೆಲ್ ಮಿಷನ್ನಿನ ಮೋಗ್ಲಿಂಗನು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕಿಟ್ಟೆಲನು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಪದ್ಯರೂಪವಾಗಿ ರಚಿಸಿದನು, ೧೮೯೪ರಲ್ಲಿ ಅವನ ಮಹಾಕೋಶವು ಪ್ರಕಟವಾಯಿತು. ಇಷ್ಟೆಲ್ಲ ಆದರೂ, ಆ ಮತದ ಮೊದಲ ಐದು ಶತಮಾನಗಳಲ್ಲಿ ನಡೆದ ತತ್ತ್ವವಾದಗಳು, ಅಂದರೆ ತಂದೆ ಮಗ ಪವಿತ್ರಾತ್ಮರ ಸಂಬಂಧವೇನು, ಕ್ರಿಸ್ತನಲ್ಲಿ ದೈವತ್ವವೂ ಮಾನುಷತ್ವವೂ ಕೂಡಿರುವುದು ಹೇಗೆ ಎಂಬ ವಿಚಾರಗಳು, ಕನ್ನಡದಲ್ಲಿ ಸ್ವತಂತ್ರವಾಗಿ ಚರ್ಚಿತವಾದುದು ಬಹು ಸ್ವಲ್ಪ.

ಆದರೆ ಚರ್ಚೆಯಾಗಲಿಲ್ಲವೆಂದ ಮಾತ್ರಕ್ಕೆ ನಿರ್ಣಯವಾಗಲಿಲ್ಲವೆಂದು ಹೇಳುವಂತಿಲ್ಲ. ಭಾಷಾಂತರಕಾರನು ಒಂದೊಂದು ಪದವನ್ನು ಆರಿಸುವಾಗಲೂ ಆ ಹಳೆಯ ವಾದಗಳಲ್ಲಿ ಒಂದು ಪಕ್ಷವನ್ನು ಅವಲಂಬಿಸಿಯೇ ಇರುತ್ತಾನೆ. ಅವನು ಅವಲಂಬಿಸಿದ ಪಕ್ಷ ಯಾವುದು, ಅವನಿಗೆ ಕನ್ನಡವು ಎಲ್ಲಿ ಒದಗಿತು, ಎಲ್ಲಿ ಒದಗಲಿಲ್ಲ ಎಂಬುದೇ ಪ್ರಕೃತ ವಿಷಯ. ಇದಕ್ಕೆ ಕಲಬುರಗಿಯ ಪ್ರಾಂತವು ತಕ್ಕ ನಿಕಷವಾಗಿದೆ. ನಗರದಲ್ಲಿ ಮೆಥೊಡಿಸ್ಟ್ ಸಭೆಯವರ ಕನ್ನಡ ಆರಾಧನೆಯೂ, ೨೦೦೫ರಲ್ಲಿ ಪ್ರತ್ಯೇಕ ಧರ್ಮಪ್ರಾಂತವಾದ ಕಥೋಲಿಕರ ಕನ್ನಡ ಪೂಜೆಯೂ ಸಮೀಪ ಸಮೀಪದಲ್ಲಿಯೇ ನಡೆಯುತ್ತವೆ. ೧೪೨೨ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರು ಇದೇ ಊರಿನಲ್ಲಿದ್ದುಕೊಂಡು, ಇರುವುದೆಲ್ಲ ಒಂದೇ ಸತ್ತೆಯೆಂಬ ಇಬ್ನ್ ಅರಬಿಯ ಮತವನ್ನು ವಿಮರ್ಶಿಸಿದರು. ಕಾಗಿಣಾತೀರದ ಮಳಖೇಡದಲ್ಲಿ ಟೀಕಾಚಾರ್ಯ ಜಯತೀರ್ಥರ ಬೃಂದಾವನವೆಂದು ಉತ್ತರಾದಿಮಠದವರು ಆರಾಧಿಸುವ ಸ್ಥಾನವಿದೆ. ಕಮಲಾಪುರದ ಮೇಲೆ ಹಾದು ಹುಮನಾಬಾದಿಗೆ ಹೋಗುವ ದಾರಿಯು ಅಲ್ಲಿಂದ ಮುಂದೆ ಬಸವಕಲ್ಯಾಣವನ್ನು ಮುಟ್ಟುತ್ತದೆ. ದೇವರೊಬ್ಬನೇ ಎಂಬ ಮಾತನ್ನು ಇಷ್ಟು ಬಗೆಯಾಗಿ ವಿವರಿಸಿದ ನೆಲದಲ್ಲಿ ಹೊಸದೊಂದು ವಿವರಣೆಯು ಬಂದರೆ ಕೇಳುವವರು ಅದರ ಪ್ರತಿಯೊಂದು ಪದಕ್ಕೂ ತಮ್ಮಲ್ಲಿ ಆಗಲೇ ಇರುವ ಅರ್ಥವನ್ನು ಹಚ್ಚಿಯೇ ಕೇಳುವರು.

ಮೊದಲು ಮೂಲವಾದವನ್ನು ಸಂಕ್ಷೇಪವಾಗಿ ನೋಡಬೇಕು. ನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಈಜಿಪ್ತದ ಅಲೆಕ್ಸಾಂಡ್ರಿಯ ನಗರದಲ್ಲಿ ಅರಿಯುಸನೆಂಬ ಪಾದ್ರಿಯಿದ್ದನು. ತಂದೆಯಾದ ದೇವರು ಅನಾದಿ. ಮಗನಾದರೋ ಆತನಿಂದ ಬಂದವನು. ಬಂದವನೆಂದ ಮೇಲೆ ಬಾರದೆ ಇದ್ದ ಸ್ಥಿತಿಯೊಂದನ್ನು ಒಪ್ಪಲೇಬೇಕು. ಆದ್ದರಿಂದ ಮಗನು ಸೃಷ್ಟರಲ್ಲಿ ಅಗ್ರಗಣ್ಯನೇ ಹೊರತು ತಂದೆಗೆ ಸಮನಲ್ಲ ಎಂಬುದು ಅವನ ಪಕ್ಷ. ಇದು ದುರ್ಬಲವಾದ ಪಕ್ಷವಲ್ಲ. ಏಕೇಶ್ವರವಾದವನ್ನು ಕಾಪಾಡಬೇಕೆಂಬ ಶ್ರದ್ಧೆಯಿಂದಲೇ ಅದು ಹುಟ್ಟಿತು. ಇದನ್ನು ವಿರೋಧಿಸಿದವರಲ್ಲಿ ಮುಖ್ಯನಾದ ಅಥನಾಸಿಯುಸನ ಉತ್ತರವೂ ಅಷ್ಟೇ ಬಲವಾದುದು: ಮಗನು ಸೃಷ್ಟನಾದರೆ ಅವನನ್ನು ಪೂಜಿಸುವುದು ಸೃಷ್ಟಿಪೂಜೆಯಾಯಿತು, ಸೃಷ್ಟನು ಸೃಷ್ಟರನ್ನು ಉದ್ಧರಿಸಲಾರನು, ತಂದೆಯು ನಿತ್ಯವೂ ತಂದೆಯಾಗಿರಬೇಕಾದರೆ ಮಗನೂ ನಿತ್ಯನೇ ಆಗಬೇಕು. ೩೨೫ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ನೈಸೀಯದಲ್ಲಿ ಬಿಷಪ್ಪರ ಮಹಾಸಭೆಯನ್ನು ಕೂಡಿಸಿದನು. ಮಗನು ತಂದೆಯೊಡನೆ ‘ಹೊಮೊಊಸಿಯೊಸ್’, ಎಂದರೆ ಅದೇ ಸ್ವರೂಪವುಳ್ಳವನು ಎಂದು ಸಭೆಯು ತೀರ್ಮಾನಿಸಿತು. ಆದರೆ ತೀರ್ಮಾನದಿಂದ ಶಾಂತಿಯುಂಟಾಗಲಿಲ್ಲ. ಚಕ್ರವರ್ತಿಗಳು ಬದಲಾದಂತೆ ಪಕ್ಷಗಳೂ ಮೇಲುಗೈ ಕೆಳಗೈಯಾದುವು. ೩೨೮ರಿಂದ ಅಲೆಕ್ಸಾಂಡ್ರಿಯದ ಬಿಷಪ್ಪನಾಗಿದ್ದ ಅಥನಾಸಿಯುಸನು ಐದು ಸಲ ಗಡೀಪಾರಾಗಿ ಹದಿನೇಳು ವರ್ಷಗಳಷ್ಟು ಕಾಲವನ್ನು ಪರಸ್ಥಳಗಳಲ್ಲಿ ಕಳೆದನು. ನಡುವೆ ‘ಹೊಮೊಯ್‌ಊಸಿಯೊಸ್’, ಅಂದರೆ ಅಂಥದೇ ಸ್ವರೂಪವುಳ್ಳವನು ಎಂಬ ಸಂಧಾನಪದವೊಂದು ಹುಟ್ಟಿತು. ಒಂದಕ್ಷರದ ವ್ಯತ್ಯಾಸಕ್ಕಾಗಿ ಜಗತ್ತು ಹೊಡೆದಾಡಿತೆಂದು ಆಮೇಲಿನವರು ನಕ್ಕಿದ್ದಾರೆ. ಕನ್ನಡಿಗನಿಗೆ ನಗುವ ಕಾರಣವಿಲ್ಲ. ‘ಅದೇ’ ಎಂಬುದಕ್ಕೂ ‘ಅಂಥದೇ’ ಎಂಬುದಕ್ಕೂ ಧ್ವನಿಯಲ್ಲಿರುವ ಭೇದವು ಅಲ್ಪ. ಕಳೆದ ಎತ್ತನ್ನು ಹುಡುಕುವ ಒಕ್ಕಲಿಗನಿಗೆ ಆ ಅಲ್ಪವೇ ಸರ್ವಸ್ವ.

ಇನ್ನು ಕನ್ನಡದ ಕಡೆಗೆ ಬರೋಣ. ಅರಿಯುಸನ ವಾದವು ನಿಂತಿರುವುದು ಹುಟ್ಟುವುದಕ್ಕೂ ಉಂಟಾಗುವುದಕ್ಕೂ ಇರುವ ಸಂಬಂಧದ ಮೇಲೆ. ಗ್ರೀಕಿನಲ್ಲಿ ‘ಜನಿತ’ ಎಂಬರ್ಥದ ಪದಕ್ಕೂ ‘ಉಂಟಾದುದು’ ಎಂಬರ್ಥದ ಪದಕ್ಕೂ ಒಂದು ನಕಾರವು ದ್ವಿತ್ವವಾಗಿದೆಯೋ ಇಲ್ಲವೋ ಎಂಬಷ್ಟೇ ಭೇದ. ಆ ಎರಡನ್ನೂ ಬೇರ್ಪಡಿಸುವುದಕ್ಕಾಗಿಯೇ ನೈಸೀಯದವರು ಮಗನು ಜನಿಸಿದವನು, ನಿರ್ಮಿತನಾದವನಲ್ಲ ಎಂಬ ಅಭಿಪ್ರಾಯವನ್ನು ತಮ್ಮ ವಿಶ್ವಾಸಪ್ರಮಾಣದಲ್ಲಿ ಸೇರಿಸಿದರು. ಕನ್ನಡದ ‘ಹುಟ್ಟಿಸು’ ಎಂಬ ಧಾತುವಾದರೋ ಈ ಎರಡು ಅರ್ಥಗಳನ್ನೂ ಒಂದೇ ಒಡಲಲ್ಲಿ ಧರಿಸಿದೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆಯಲ್ಲಿ ದೇವರು ಹುಟ್ಟಿಸಿದುದು ಸೃಷ್ಟಿಸಿದುದೋ ಪಡೆದುದೋ? ಆಡುವವನು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ತಂದೆಯ ವಾತ್ಸಲ್ಯವೂ ಕರ್ತೃವಿನ ಹೊಣೆಯೂ ಅಲ್ಲಿ ಬೆರೆತುಹೋಗಿವೆ. ಗಾದೆಯ ಸೊಗಸಿಗೆ ಕಾರಣವಾದ ಈ ಬೆರಕೆಯೇ ಸಿದ್ಧಾಂತಕ್ಕೆ ವಿಷವಾಗುತ್ತದೆ. ಆದ್ದರಿಂದ ಇಲ್ಲಿ ಸಂಸ್ಕೃತದ ‘ಜನಿತ’, ‘ನಿರ್ಮಿತ’ ಎಂಬ ಪದಗಳನ್ನು ಹಿಡಿಯುವುದು ಆಡಂಬರವಲ್ಲ, ಅವಶ್ಯಕತೆ. ‘ಮಗನನ್ನು ಪಡೆ’ ಎಂಬ ಅಚ್ಚಗನ್ನಡವು ನಿರ್ಮಾಣದ ಅರ್ಥವನ್ನು ದೂರವಿಡುತ್ತದೆಂಬುದು ನಿಜ; ಆದರೆ ಇಲ್ಲದುದನ್ನು ಒಂದು ದಿನ ಹೊಂದಿದನೆಂಬ ಭಾವವು ಅದರಲ್ಲಿ ಉಳಿಯುವುದರಿಂದ ಅದು ಅರಿಯುಸನ ಕೈಗೇ ಕೋಲನ್ನು ಕೊಟ್ಟಂತಾಗುತ್ತದೆ.

ಎರಡನೆಯ ಸಂಗತಿಯು ಇದಕ್ಕಿಂತ ಸ್ವಾರಸ್ಯವಾದುದು. ಯೋಹಾನನ ಸುವಾರ್ತೆಯ ಆರಂಭದಲ್ಲಿ ‘ಲೋಗೊಸ್’ ಎಂಬ ಪದವಿದೆ. ಮಾತು, ವಿವೇಕ, ಜಗತ್ತಿನ ಒಳಕ್ರಮ ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಕವಾಗಿವೆ. ಬಹುಕಾಲದಿಂದ ಬಳಕೆಯಲ್ಲಿರುವ ಪ್ರಾಟೆಸ್ಟಂಟರ ಭಾಷಾಂತರವು ಇದನ್ನು ‘ವಾಕ್ಯ’ವೆಂದಿದೆ, ಕಥೋಲಿಕರಲ್ಲಿ ಬಳಕೆಯಾಗುವ ಈಚಿನ ಸರಳ ಭಾಷಾಂತರವು ‘ದಿವ್ಯವಾಣಿ’ಯೆಂದಿದೆ. ಪದಕ್ಕಿಂತ ಮುಖ್ಯವಾದುದು ಅದರ ಹಿಂದೆ ಬರುವ ಕ್ರಿಯಾಪದ. ಗ್ರೀಕಿನಲ್ಲಿ ಲೋಗೊಸ್ ಪುಲ್ಲಿಂಗ. ಆದರೆ ಅಲ್ಲಿಯ ಲಿಂಗವು ಶಬ್ದಕ್ಕೆ ಸೇರಿದುದು, ಅರ್ಥಕ್ಕಲ್ಲ. ಅದರಿಂದ ಲೋಗೊಸ್ ಒಬ್ಬನೋ ಒಂದೋ ಎಂಬುದು ತಿಳಿಯದು. ‘ಇದ್ದ’ ಎಂಬರ್ಥದ ಗ್ರೀಕ್ ಕ್ರಿಯಾರೂಪವೂ ಲಿಂಗವನ್ನು ತೋರಿಸುವುದಿಲ್ಲ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಪ್ರಥಮಪುರುಷದ ಕ್ರಿಯಾಪದವು ಅದನ್ನು ತೋರಿಸಲೇಬೇಕು. ‘ಇತ್ತು’ ಎಂದರೆ ಒಂದು ವಸ್ತು. ‘ಇದ್ದನು’ ಎಂದರೆ ಒಬ್ಬ ಪುರುಷ. ‘ಇದ್ದರು’ ಎಂದರೆ ಪೂಜ್ಯನಾದ ಒಬ್ಬ ಅಥವಾ ಹಲವರು. ಹೀಗೆ, ನೈಸೀಯದ ಸಭೆಗೆ ಎಷ್ಟೋ ವರ್ಷಗಳ ವಾದವು ಬೇಕಾದ ಒಂದು ಪ್ರಶ್ನೆಗೆ ಕನ್ನಡದ ಭಾಷಾಂತರಕಾರನು ಮೊದಲನೆಯ ವಾಕ್ಯವನ್ನು ಮುಗಿಸುವುದರೊಳಗಾಗಿ ಉತ್ತರ ಕೊಡಬೇಕಾಗುತ್ತದೆ.

ಹಳೆಯ ಭಾಷಾಂತರವು ‘ಇತ್ತು’ ಎಂದು ತೊಡಗಿ, ಅಧ್ಯಾಯವು ಸ್ವಲ್ಪ ಮುಂದುವರಿಯುವಷ್ಟರಲ್ಲಿ ‘ವಾಕ್ಯವೆಂಬಾತನು’ ಎಂದು ಹೊರಳುತ್ತದೆ. ನಪುಂಸಕದಿಂದ ಪುಲ್ಲಿಂಗಕ್ಕೆ ಆಗುವ ಈ ಸ್ಥಾನಾಂತರವು ಅಜಾಗರೂಕತೆಯ ಫಲವೆಂದು ಹೇಳುವುದು ಸಾಧುವಲ್ಲ. ಅಮೂರ್ತವಾದ ತತ್ತ್ವವೊಂದು ಓದುಗನ ಕಣ್ಣೆದುರಿಗೆ ಪುರುಷನಾಗಿ ಪರಿಣಮಿಸುವುದು ಆ ಅಧ್ಯಾಯದ ಗತಿಗೆ ಒಪ್ಪುತ್ತದೆ. ಆದರೆ ಪರಿಣಾಮವೆಂಬ ಭಾವವೇ ಇಲ್ಲಿರುವ ಅಪಾಯ: ಮೊದಲು ‘ಅದು’ ಆಗಿದ್ದುದು ಆಮೇಲೆ ‘ಆತ’ನಾಯಿತೆಂದು ಎಳೆಯ ಓದುಗನು ಗ್ರಹಿಸಿದರೆ ಅವನ ತಪ್ಪಿಲ್ಲ. ಹೊಸ ಭಾಷಾಂತರವು ಮೊದಲಿನಿಂದಲೇ ‘ಇದ್ದರು’ ಎಂದು ಆ ಅಪಾಯವನ್ನು ತಪ್ಪಿಸಿಕೊಂಡಿದೆ. ಸಿದ್ಧಾಂತದ ದೃಷ್ಟಿಯಿಂದ ಇದು ನೈಸೀಯಕ್ಕೆ ಹತ್ತಿರ. ಕಾವ್ಯದ ದೃಷ್ಟಿಯಿಂದಾದರೋ ನಷ್ಟವುಂಟು. ಮಾತು ಒಂದು ಗೌರವಾರ್ಥಕ ಬಹುವಚನವನ್ನು ಹೊದ್ದು ಬಂದಾಗ ಕಿವಿಗೆ ತತ್ತ್ವವು ಕೇಳಿಸದೆ ಒಬ್ಬ ಹಿರಿಯರ ಆಗಮನವು ಕೇಳಿಸುತ್ತದೆ. ಮೇಲಾಗಿ ‘ವಾಣಿ’ಯೆಂದರೆ ಕನ್ನಡಿಗನಿಗೆ ಸರಸ್ವತಿಯೂ ಹೌದು, ‘ವಾಕ್ಯ’ವೆಂದರೆ ವ್ಯಾಕರಣದ ಒಂದು ಘಟಕವೂ ಹೌದು, ಶಾಸ್ತ್ರದಲ್ಲಿ ಪ್ರಮಾಣವಾದ ಉಕ್ತಿಯೂ ಹೌದು. ಕಲ್ಯಾಣದ ದಾರಿಯಲ್ಲಿ ನಿಂತವರಿಗೆ ‘ವಚನ’ವೆಂಬ ಇನ್ನೊಂದು ಪದವು ಸಹಜವಾಗಿ ನೆನಪಾಗುತ್ತದೆ. ಶರಣರಿಂದಾಗಿ ಆ ಪದಕ್ಕೆ ಬಂದಿರುವ ಜೀವಕಳೆಯು ಮಿಕ್ಕ ಎರಡಕ್ಕೂ ಇಲ್ಲ. ಆದರೂ ವಚನವು ಆಡಿದವನದು. ಆಡಿದವನನ್ನು ಬಿಟ್ಟು ಅದಕ್ಕೆ ಪ್ರತ್ಯೇಕವಾದ ಇರವಿಲ್ಲ. ಆ ಪದವನ್ನು ಹಿಡಿದಿದ್ದರೆ ಸೊಗಸು ಹೆಚ್ಚುತ್ತಿತ್ತು, ಸಿದ್ಧಾಂತವು ಕೆಡುತ್ತಿತ್ತು. ‘ವಾಕ್ಯ’ವನ್ನು ಆರಿಸಿದವರು ಒಣಪದವನ್ನು ಆರಿಸಿದರೆಂದು ಆಕ್ಷೇಪಿಸುವವರು ಈ ಅಂಶವನ್ನು ಗಮನಿಸಬೇಕು.

‘ದೇವರು’ ಎಂಬ ಪದದ ವಿಚಾರವೂ ಇದೇ ಜಾತಿಯದು. ರೂಪದಿಂದ ಅದು ಬಹುವಚನ, ಅರ್ಥದಿಂದ ಏಕ. ಆಡುಮಾತಿನಲ್ಲಿ ಅದಕ್ಕೆ ಮೂರು ಬಗೆಯ ಕ್ರಿಯಾಪದಗಳು ಹತ್ತುತ್ತವೆ: ದೇವರು ಕಾಪಾಡಿದನು ಎನ್ನುವವರುಂಟು, ಕಾಪಾಡಿದರು ಎನ್ನುವವರುಂಟು, ಮೈಮೇಲೆ ಬಂದಾಗ ಮಾತ್ರ ದೇವರು ‘ಬಂತು’. ಹಳೆಯ ಬೈಬಲ್ಲಿನ ಕರ್ತರು ದೇವರು ಎಂಬ ಕರ್ತೃಪದಕ್ಕೆ ಏಕವಚನದ ಕ್ರಿಯೆಯನ್ನೇ ನಿಯಮವಾಗಿ ಹಚ್ಚಿದರು. ವೈಯಾಕರಣನ ಕಿವಿಗೆ ಇದು ಮೊದಲು ಕರ್ಕಶವಾಗಿ ತೋರುವುದು. ಆದರೆ ಹೀಬ್ರೂ ಮೂಲದಲ್ಲಿಯೂ ‘ಎಲೋಹೀಮ್’ ಎಂಬ ಬಹುವಚನರೂಪಕ್ಕೆ ಏಕವಚನದ ಕ್ರಿಯೆಯೇ ಇದೆ. ಆ ವಿಚಿತ್ರಕ್ಕೆ ಇಷ್ಟು ಸಹಜವಾಗಿ ಎಣೆಯಾದ ರೂಪವು ದೊರೆಯುವ ಭಾಷೆಗಳು ವಿರಳ. ಈಚಿನ ಭಾಷಾಂತರವು ಕ್ರಿಯೆಯನ್ನೂ ಬಹುವಚನಕ್ಕೆ ತಿದ್ದಿ ಮರ್ಯಾದೆಯನ್ನು ಹೆಚ್ಚಿಸಿದೆ. ಆದರೆ ತಂದೆಯೂ ‘ಅವರು’, ಮಗನೂ ‘ಅವರು’, ಪವಿತ್ರಾತ್ಮವೂ ‘ಅವರು’ ಆದ ಮೇಲೆ, ಮೂವರು ಕೂಡಿದಾಗಲೂ ‘ಅವರು’ ಎಂದೇ ಹೇಳಬೇಕಾಗಿ ಒಬ್ಬನೇ ಎಂಬ ಅರ್ಥಕ್ಕೆ ಕನ್ನಡದಲ್ಲಿ ಗುರುತೇ ಉಳಿಯದಂತಾಗಿದೆ. ಏಕವಚನವು ಅಗೌರವವೆಂಬ ಶಂಕೆಯು ಇಲ್ಲಿ ನಿಲ್ಲತಕ್ಕದ್ದಲ್ಲ. ಭಕ್ತನು ದೇವರನ್ನು ‘ನೀನು’ ಎಂದೇ ಕರೆಯುತ್ತಾನೆ. ದಾಸರೂ ಶರಣರೂ ಹಾಗೆಯೇ ಕರೆದರು.

ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ವಾದವು ಹೊಸ ತಿರುವನ್ನು ಪಡೆಯಿತು. ಕಪ್ಪದೋಕಿಯದ ಬಸಿಲನೂ, ನಿಸ್ಸದ ಗ್ರೆಗರಿಯೂ, ನಜಿಯಾಂಜಸಿನ ಗ್ರೆಗರಿಯೂ ‘ಊಸಿಯ’ವೆಂದರೆ ಮೂವರಿಗೂ ಸಾಮಾನ್ಯವಾದ ಸ್ವರೂಪ, ‘ಹಿಪೊಸ್ತಾಸಿಸ್’ ಎಂದರೆ ಒಬ್ಬೊಬ್ಬನಿಗೆ ವಿಶೇಷವಾದ ಇರವು ಎಂದು ವಿಂಗಡಿಸಿ, ಒಂದು ಊಸಿಯ, ಮೂರು ಹಿಪೊಸ್ತಾಸಿಸುಗಳು ಎಂಬ ಸೂತ್ರವನ್ನು ಸ್ಥಾಪಿಸಿದರು. ೩೮೧ರ ಕಾನ್‌ಸ್ಟಾಂಟಿನೋಪಲ್ ಸಭೆಯ ನಿರ್ಣಯಕ್ಕೆ ಇದೇ ತಳಹದಿ. ಲ್ಯಾಟಿನಿನವರು ‘ಪೆರ್ಸೋನ’ ಎಂದರು. ಅದಕ್ಕೆ ನಟನ ಮುಖವಾಡವೆಂಬ ಅರ್ಥವೂ ಇದ್ದುದರಿಂದ, ಒಬ್ಬನೇ ದೇವರು ಮೂರು ವೇಷಗಳನ್ನು ಧರಿಸುತ್ತಾನೆಂಬ ಸಬೆಲ್ಲಿಯುಸನ ಪಾಷಂಡವಾದವು ಇದರಿಂದ ಒಳಗೆ ನುಗ್ಗೀತೆಂದು ಗ್ರೀಕರು ಶಂಕಿಸಿದರು. ಕನ್ನಡದಲ್ಲಿ ಈ ಸ್ಥಾನಕ್ಕೆ ‘ವ್ಯಕ್ತಿ’ಯೆಂಬ ಪದವು ಬಂದಿದೆ. ವ್ಯುತ್ಪತ್ತಿಯನ್ನು ಹಿಡಿದರೆ ವ್ಯಕ್ತಿಯೆಂದರೆ ವ್ಯಕ್ತವಾಗುವುದು, ತೋರಿಕೆ. ಇದು ಸಬೆಲ್ಲಿಯುಸನ ಪಕ್ಷ. ಬಳಕೆಯನ್ನು ಹಿಡಿದರೆ ವ್ಯಕ್ತಿಯೆಂದರೆ ಬೇರೆಯಾಗಿ ನಿಂತ ಒಬ್ಬ ಮನುಷ್ಯ. ಇದರಿಂದ ಮೂವರು ದೇವರುಗಳಾಗುತ್ತಾರೆ. ಎರಡು ಕಡೆಯ ದೋಷವನ್ನೂ ಒಂದೇ ಪದದಲ್ಲಿ ಹೊತ್ತಿರುವುದು ಅಪೂರ್ವವೇ ಸರಿ.

ಇಂಥ ಕಡೆಗಳಲ್ಲಿ ಉಪದೇಶಕರು ದೃಷ್ಟಾಂತಗಳನ್ನು ಆಶ್ರಯಿಸುವುದುಂಟು. ಮೂರನೆಯ ಶತಮಾನದ ಆದಿಯಲ್ಲಿ ಕಾರ್ಥೇಜಿನ ತೆರ್ತುಲ್ಲಿಯನನು ಬೇರು ಮತ್ತು ಚಿಗುರು, ಬುಗ್ಗೆ ಮತ್ತು ಹೊಳೆ, ಸೂರ್ಯ ಮತ್ತು ಕಿರಣ ಎಂಬ ದೃಷ್ಟಾಂತಗಳನ್ನು ಕೊಟ್ಟನು. ಕಲಬುರಗಿಯ ಕಡೆಯವರಿಗೆ ಕಮಲಾಪುರದ ಕೆಂಪು ಬಾಳೆಯು ಇದಕ್ಕಿಂತ ಸಮೀಪದ ದೃಷ್ಟಾಂತವಾದೀತು. ಭೌಗೋಳಿಕ ಸೂಚಕವೆಂಬ ಮನ್ನಣೆಯನ್ನು ಪಡೆದ ಆ ಬಾಳೆಯನ್ನು ಬೀಜದಿಂದ ಬೆಳೆಸುವುದಿಲ್ಲ. ತಾಯಿಗಿಡದ ಗೆಡ್ಡೆಯಿಂದಲೇ ಏಳುವ ಕಂದುಗಳನ್ನು ತೆಗೆದು ನೆಡುತ್ತಾರೆ. ಕಂದು ತಾಯಿಯಿಂದ ಬಂದುದು. ಆದರೂ ತಾಯಿಯು ಅದನ್ನು ನಿರ್ಮಿಸಲಿಲ್ಲ. ಎರಡರಲ್ಲಿಯೂ ಇರುವುದು ಅದೇ ಗೆಡ್ಡೆಯ ಅದೇ ಸತ್ತ್ವ, ಅಂಥದೇ ಸತ್ತ್ವವಲ್ಲ. ಇಷ್ಟರ ಮಟ್ಟಿಗೆ ನೈಸೀಯದವರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯು ದೊರೆಯಲಾರದು. ಆದರೆ ಗೊನೆ ಬಿಟ್ಟ ಮೇಲೆ ತಾಯಿಗಿಡವು ಅಳಿಯುತ್ತದೆ. ಕಂದು ತಾಯಿಗಿಂತ ಕಾಲದಲ್ಲಿ ಹಿಂದಿನದು. ಅದನ್ನು ಅಗೆದು ಬೇರೆ ಹೊಲಕ್ಕೂ ಒಯ್ಯಬಹುದು. ಕಂದು ಏಳದೆ ಇದ್ದ ಕಾಲವೊಂದಿತ್ತೆಂದು ಅರಿಯುಸನು ಕೂಡಲೇ ಎತ್ತಿ ತೋರಿಸುವನು. ದೃಷ್ಟಾಂತವು ಒಂದು ಅಂಶದಲ್ಲಿ ಮಾತ್ರ ಸಾಮ್ಯವನ್ನು ತೋರಿಸುತ್ತದೆಂಬ ನ್ಯಾಯವನ್ನು ಮರೆತವರಿಗೆ ಅದು ದೀಪವಾಗುವುದಕ್ಕೆ ಬದಲಾಗಿ ಬೆಂಕಿಯಾಗುತ್ತದೆ. ಅಥನಾಸಿಯುಸನ ಪಕ್ಷದವರು ಸೂರ್ಯಪ್ರಭೆಗಳ ದೃಷ್ಟಾಂತವನ್ನೇ ಹೆಚ್ಚಾಗಿ ನೆಚ್ಚಿಕೊಂಡುದಕ್ಕೆ ಕಾರಣವೂ ಇದೇ: ಪ್ರಭೆಯಿಲ್ಲದ ಸೂರ್ಯನು ಒಂದು ಕ್ಷಣವೂ ಇರನು.

ದೃಷ್ಟಾಂತವು ಸೋತಲ್ಲಿ ಶಾಸ್ತ್ರದ ಪರಿಭಾಷೆಯು ನೆರವಾದೀತೇ ಎಂದರೆ, ಮಳಖೇಡದ ಕಡೆಯಿಂದ ಒಂದು ಪದವು ದೊರೆಯುತ್ತದೆ. ಭಗವಂತನಿಗೂ ಆತನ ಗುಣಗಳಿಗೂ ಭೇದವಿಲ್ಲ. ಭೇದವಿಲ್ಲದಿದ್ದರೂ ಆತನು ಜ್ಞಾನವುಳ್ಳವನು, ಆನಂದವುಳ್ಳವನು ಎಂದು ಬೇರೆ ಬೇರೆಯಾಗಿ ಹೇಳುವುದು ವ್ಯರ್ಥಪುನರುಕ್ತಿಯಾಗುವುದಿಲ್ಲ. ಅದಕ್ಕೆ ಆಧಾರವಾದ ಶಕ್ತಿಯೇ ‘ವಿಶೇಷ’ ಎಂಬುದು ಮಧ್ವಮತದ ಸಿದ್ಧಾಂತ. ಜಯತೀರ್ಥರ ‘ನ್ಯಾಯಸುಧೆ’ಯಲ್ಲಿ ಇದರ ಸಮರ್ಥನೆಯಿದೆ. ಕಪ್ಪದೋಕಿಯದವರ ‘ಸಾಮಾನ್ಯ–ವಿಶೇಷ’ ವಿಭಾಗವನ್ನು ತಾರ್ಕಿಕರ ರೀತಿಯಲ್ಲಿ ತೆಗೆದುಕೊಂಡರೆ, ಮನುಷ್ಯತ್ವವೊಂದೇ ಆದರೂ ಮನುಷ್ಯರು ಮೂವರಿರುವಂತೆ ದೇವತ್ವವೊಂದೇ ಆದರೂ ದೇವರು ಮೂವರಾಗುತ್ತಾರೆ. ಈ ಆಕ್ಷೇಪಕ್ಕೆ ಉತ್ತರವಾಗಿಯೇ ನಿಸ್ಸದ ಗ್ರೆಗರಿಯು ಅಬ್ಲಾಬಿಯುಸನಿಗೆ ಒಂದು ಪ್ರಬಂಧವನ್ನು ಬರೆದನು. ಮಧ್ವಮತದ ‘ವಿಶೇಷ’ಕ್ಕೆ ಈ ಆಕ್ಷೇಪವು ತಟ್ಟದು, ಏಕೆಂದರೆ ಅದು ಭೇದವನ್ನು ಒಪ್ಪದೆಯೇ ಭೇದವ್ಯವಹಾರವನ್ನು ನಿರ್ವಹಿಸುತ್ತದೆ. ಆದರೆ ಒಂದು ಕೊರತೆಯಿದೆ. ತಂದೆಯು ಮಗನನ್ನು ಪ್ರೀತಿಸುತ್ತಾನೆ, ಮಗನು ತಂದೆಯನ್ನು ಪ್ರಾರ್ಥಿಸುತ್ತಾನೆ ಎಂಬ ಪರಸ್ಪರಭಾವವು ಸುವಾರ್ತೆಗಳ ಜೀವಾಳ. ಜ್ಞಾನವು ಆನಂದವನ್ನು ಪ್ರೀತಿಸುತ್ತದೆಂದು ಮಳಖೇಡದಲ್ಲಿ ಯಾರೂ ಹೇಳರು. ಹೀಗೆ ಆ ಪದವು ಅರ್ಧದಾರಿಯವರೆಗೆ ಬಂದು ನಿಲ್ಲುತ್ತದೆ. ಅರ್ಧದಾರಿಯಾದರೂ ಬಂದಿತೆಂಬುದನ್ನು ಕನ್ನಡದ ಕ್ರೈಸ್ತ ಪಂಡಿತರು ಗಮನಿಸಿದರೆ ಲಾಭವೇ ಹೊರತು ನಷ್ಟವಿಲ್ಲ.

ವಿಭಕ್ತಿಪ್ರತ್ಯಯಗಳಿಗಾಗಿಯೂ ಆ ಕಾಲದಲ್ಲಿ ವಾದಗಳು ನಡೆದುವು. ಸ್ತುತಿಯನ್ನು ತಂದೆಗೆ ಮಗನ ಮುಖಾಂತರ ಪವಿತ್ರಾತ್ಮನಲ್ಲಿ ಸಲ್ಲಿಸಬೇಕೋ, ಮಗನೊಡನೆಯೂ ಪವಿತ್ರಾತ್ಮನೊಡನೆಯೂ ಸಲ್ಲಿಸಬೇಕೋ ಎಂಬ ಪ್ರಶ್ನೆಯಿಂದಲೇ ಬಸಿಲನ ಪವಿತ್ರಾತ್ಮವಿಷಯಕ ಗ್ರಂಥವು ಹೊರಟಿತು. ಮುಖಾಂತರವೆಂದರೆ ಮಗನು ದ್ವಾರಪಾಲಕ, ಒಡನೆಯೆಂದರೆ ಸಮಾಸನಸ್ಥ. ಸಂಬಂಧಾರ್ಥಗಳನ್ನು ಪ್ರತ್ಯಯದಿಂದಲೇ ತೋರಿಸುವ ಕನ್ನಡಕ್ಕೆ ಈ ಸೂಕ್ಷ್ಮವು ತೊಡಕಾಗುವುದಿಲ್ಲ. ಇಲ್ಲಿ ಭಾಷಾಂತರಕಾರರು ಎಡವಿದುದೂ ಕಡಮೆ.

ಎಲ್ಲಕ್ಕಿಂತ ತೊಡಕಾದುದು ‘ಅವತಾರ’ವೆಂಬ ಪದ. ಹಳೆಯ ಭಾಷಾಂತರದಲ್ಲಿ ವಾಕ್ಯವು ದೇಹಧಾರಿಯಾದ ಸಂಗತಿಯನ್ನು ಹೇಳುವಲ್ಲಿ ‘ನರಾವತಾರ’ವೆಂಬ ಪದವನ್ನು ಬಳಸಿದ್ದಾರೆ. ಓದುಗರಿಗೆ ಪರಿಚಿತವಾದ ಪದವನ್ನು ಹಿಡಿಯಬೇಕೆಂಬ ಉದ್ದೇಶವು ಒಳ್ಳೆಯದು. ಆದರೆ ಮೂಲದಲ್ಲಿರುವುದು ಮಾಂಸವಾಯಿತು ಎಂಬರ್ಥದ ಒರಟು ಮಾತು. ಎರಡನೆಯ ಶತಮಾನದ ಆದಿಯಲ್ಲಿ ಅಂತಿಯೋಕಿಯದ ಇಗ್ನಾತಿಯುಸನು ಹೋರಾಡಿದುದು, ಕ್ರಿಸ್ತನ ದೇಹವು ತೋರಿಕೆಯೇ ಹೊರತು ನಿಜವಲ್ಲ, ಆತನ ನೋವೂ ನಿಜವಲ್ಲ ಎನ್ನುವವರೊಡನೆ. ಈ ಪ್ರಾಂತದ ವೈಷ್ಣವಗೃಹಗಳಲ್ಲಿ ಅವತಾರವೆಂದರೆ ಏನು? ಮಧ್ವಮತದಂತೆ ಅವತಾರರೂಪಕ್ಕೂ ಮೂಲರೂಪಕ್ಕೂ ಭೇದವಿಲ್ಲ. ಆ ದೇಹವು ಪ್ರಾಕೃತವಲ್ಲ, ಜ್ಞಾನಾನಂದಮಯ. ಅದಕ್ಕೆ ಹಸಿವು ನೋವು ಮರಣಗಳು ತೋರಿಕೆಗೆ ಮಾತ್ರ. ಆ ಮತದಲ್ಲಿ ಇದು ದೇವರ ಪೂರ್ಣತೆಯನ್ನು ಕಾಪಾಡುವ ಸುಸಂಗತವಾದ ಸಿದ್ಧಾಂತ. ಆದರೆ ಅದೇ ಪದವನ್ನು ಶಿಲುಬೆಯ ಕಥೆಗೆ ಹಚ್ಚಿದರೆ, ಇಗ್ನಾತಿಯುಸನು ಯಾವುದನ್ನು ವಿರ���ಧಿಸಿದನೋ ಅದೇ ಅರ್ಥವು ಕೇಳುವವನ ಮನಸ್ಸಿನಲ್ಲಿ ಸದ್ದಿಲ್ಲದೆ ನೆಲೆಗೊಳ್ಳುತ್ತದೆ. ಸಿದ್ಧಾಂತಿಯ ವಿರೋಧಿಯು ಎದುರಿಗೆ ನಿಂತರೆ ಉತ್ತರ ಕೊಡಬಹುದು. ಪದದೊಳಗೆ ಅಡಗಿದ್ದರೆ ಉತ್ತರ ಕೊಡುವ ಸಂದರ್ಭವೇ ಒದಗದು. ಅವತಾರವು ಮತ್ತೆ ಮತ್ತೆ ಆಗತಕ್ಕದ್ದೆಂಬ ಭಾವವೂ ಕೂಡಿಕೊಂಡು, ಒಂದೇ ಸಲ ಆದುದೆಂಬ ಕ್ರೈಸ್ತರ ಹಟಕ್ಕೆ ಅರ್ಥವೇ ತಿಳಿಯದಂತಾಗುತ್ತದೆ. ‘ದೇಹಧಾರಣೆ’ಯೆಂಬುದು ಬಟ್ಟೆಯನ್ನು ಧರಿಸಿದಂತೆ ಕೇಳಿಸುತ್ತದೆ. ‘ಮನುಷ್ಯನಾದನು’ ಎಂಬ ಸರಳವಾದ ಕನ್ನಡವೇ ಇಲ್ಲಿ ಅತ್ಯಂತ ನಿರ್ದುಷ್ಟವಾದುದು. ಪಂಡಿತರು ಅದನ್ನು ಬಿಟ್ಟು ದೊಡ್ಡ ಪದಕ್ಕೆ ಕೈಚಾಚಿದುದೇ ಶೋಚನೀಯ.

೪೩೧ರ ಎಫೆಸಸ್ ಸಭೆಯಲ್ಲಿ ಮರಿಯಮ್ಮನನ್ನು ‘ಥೆಯೊತೋಕೊಸ್’, ದೇವರನ್ನು ಹೆತ್ತವಳು, ಎಂದು ಕರೆಯಬಹುದೇ ಎಂಬ ವಾದವು ನಡೆಯಿತು. ನೆಸ್ತೋರಿಯುಸನು ಕ್ರಿಸ್ತನನ್ನು ಹೆತ್ತವಳೆಂದರೆ ಸಾಕೆಂದನು, ಸಿರಿಲನು ಸಾಲದೆಂದನು. ಕನ್ನಡದ ‘ದೇವಮಾತೆ’ಯೆಂಬ ಸಮಾಸವನ್ನು ಷಷ್ಠೀತತ್ಪುರುಷವೆಂದು ಬಿಡಿಸಿದರೆ ಸಿರಿಲನ ಅರ್ಥವು ದೊರೆಯುತ್ತದೆ. ಆದರೆ ಸಂಸ್ಕೃತದಲ್ಲಿ ಅದು ದೇವತೆಗಳ ತಾಯಿಯಾದ ಅದಿತಿಯ ಹೆಸರು. ಜನರ ಕಿವಿಗಾದರೋ ದೇವಿಯೂ ತಾಯಿಯೂ ಆದವಳೆಂದು ಕೇಳಿಸುತ್ತದೆ. ಇದೇ ಮಳಖೇಡದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಪದಗಳನ್ನು ವಿವೇಕವಿಲ್ಲದೆ ಬೆಸೆಯುವುದನ್ನು ದೋಷವೆಂದು ಎಣಿಸಿತು. ‘ದೇವರ ತಾಯಿ’ ಎಂದು ಬಿಡಿಸಿ ಹೇಳಿದರೆ ಯಾವ ಸಂಶಯವೂ ಉಳಿಯದು.

೪೫೧ರಲ್ಲಿ ಖಾಲ್ಕೆದೋನಿನ ಸಭೆಯು ಕ್ರಿಸ್ತನು ಒಬ್ಬನೇ, ಆತನಲ್ಲಿ ಎರಡು ಸ್ವಭಾವಗಳು. ಅವು ಬೆರೆಯದೆ, ಮಾರ್ಪಡದೆ, ವಿಭಾಗವಾಗದೆ, ಅಗಲದೆ ಇವೆ ಎಂದು ನಿರ್ಣಯಿಸಿತು. ನಾಲ್ಕು ಪದಗಳೂ ನಿಷೇಧರೂಪವಾದುವು. ಹೇಗಿದೆಯೆಂದು ಹೇಳದೆ ಹೇಗಿಲ್ಲವೆಂದು ಮಾತ್ರ ಹೇಳುವ ಈ ವಿನಯವು ಉಪನಿಷತ್ತುಗಳನ್ನು ಬಲ್ಲವರಿಗೆ ಹೊಸದಲ್ಲ. ಈಜಿಪ್ತ, ಸಿರಿಯ, ಆರ್ಮೇನಿಯಗಳ ಅನೇಕರು ಇದನ್ನು ಒಪ್ಪಲಿಲ್ಲ. ಎರಡು ಎಂದರೆ ಒಡೆದಂತಾಯಿತೆಂಬುದು ಅವರ ಆಕ್ಷೇಪ. ಈ ಒಡಕು ದೂರದೇಶದ ಸಂಗತಿಯೆಂದು ಭಾವಿಸಬಾರದು. ಖಾಲ್ಕೆದೋನನ್ನು ಒಪ್ಪದ ಸಿರಿಯಾದ ಪರಂಪರೆಗೆ ಸೇರಿದ ಸಭೆಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಡುಪಿಯ ಹತ್ತಿರದ ಬ್ರಹ್ಮಾವರದಲ್ಲಿ ನೆಲೆಗೊಂಡಿತು. ಗೋವೆಯ ಆಲ್ವಾರೆಸ್ ಎಂಬವನು ೧೮೮೯ರಲ್ಲಿ ಆ ಪರಂಪರೆಯ ಬಿಷಪ್ಪನಾಗಿ ಅಭಿಷಿಕ್ತನಾದನು. ಬ್ರಹ್ಮಾವರದಲ್ಲಿ ನೊರೊನ್ಹ ಎಂಬ ಪಾದ್ರಿಯು ಆ ಸಭೆಯನ್ನು ಬೆಳೆಸಿದನು. ಐದನೆಯ ಶತಮಾನದ ವಾದದ ಎರಡು ಪಕ್ಷಗಳೂ ಹೀಗೆ ಕನ್ನಡನಾಡಿನಲ್ಲಿಯೇ ಇವೆ.

ಇದಿಷ್ಟೂ ಬರಿಯ ಶಬ್ದಕಲಹವೆಂದು ಹೇಳುವವರಿಗೆ ಎರಡು ಮಾತುಗಳನ್ನು ಹೇಳಬಹುದು. ೩೬೨ರಲ್ಲಿ ಅಥನಾಸಿಯುಸನು ಅಲೆಕ್ಸಾಂಡ್ರಿಯದಲ್ಲಿ ಒಂದು ಸಭೆಯನ್ನು ಕೂಡಿಸಿ, ಒಂದು ಹಿಪೊಸ್ತಾಸಿಸ್ ಎನ್ನುವವರನ್ನೂ ಮೂರು ಎನ್ನುವವರನ್ನೂ ನಿಮ್ಮ ಮಾತಿನ ಅರ್ಥವೇನೆಂದು ಕೇಳಿದನು. ಅರ್ಥವನ್ನು ವಿವರಿಸಿದ ಮೇಲೆ ಇಬ್ಬರ ಅಭಿಪ್ರಾಯವೂ ಒಂದೇ ಎಂದು ತಿಳಿದು ಇಬ್ಬರನ್ನೂ ಒಪ್ಪಿಕೊಂಡನು. ಇತ್ತೀಚೆಗೆ ೧೯೮೪ರಲ್ಲಿ ರೋಮಿನ ಪೋಪರೂ ಸಿರಿಯಾದ ಆರ್ತೊಡಾಕ್ಸ್ ಸಭೆಯ ಪೇತ್ರಿಯಾರ್ಕರೂ, ೧೯೯೪ರಲ್ಲಿ ಪೋಪರೂ ಪೂರ್ವದ ಅಸ್ಸೀರಿಯ ಸಭೆಯ ಪೇತ್ರಿಯಾರ್ಕರೂ ಕೂಡಿ ಪ್ರಕಟನೆಗಳನ್ನು ಹೊರಡಿಸಿ, ಹದಿನೈದು ಶತಮಾನಗಳ ಒಡಕಿನಲ್ಲಿ ಪರಿಭಾಷೆಯ ಭೇದದ ಪಾಲು ದೊಡ್ಡದೆಂದು ಒಪ್ಪಿಕೊಂಡರು. ಶಬ್ದವು ಕಲಹಕ್ಕೆ ಕಾರಣವಾದುದು ನಿಜ. ಕಲಹವನ್ನು ತೀರಿಸಿದುದೂ ಶಬ್ದವನ್ನು ಅಲಕ್ಷಿಸುವುದರಿಂದಲ್ಲ, ಅದರ ಅರ್ಥವನ್ನು ತಾಳ್ಮೆಯಿಂದ ಕೇಳುವುದರಿಂದ.

ಕನ್ನಡಕ್ಕೆ ಇದರಿಂದ ದೊರೆಯುವ ಪಾಠವು ಸ್ವಲ್ಪ ಬೇರೆ. ಇಲ್ಲಿ ಆಗಿರುವ ಹಾನಿಯು ಒಂದೇ ಅರ್ಥಕ್ಕೆ ಎರಡು ಪದಗಳಿರುವುದರಿಂದ ಆದುದಲ್ಲ. ಎರಡು ಅರ್ಥಗಳಿಗೆ ಒಂದೇ ಪದವಿರುವುದರಿಂದ ಆದುದು. ಅವತಾರವೆಂದು ಒಬ್ಬನು ಹೇಳಿ, ಇನ್ನೊಬ್ಬನು ತಲೆದೂಗಿ, ಇಬ್ಬರೂ ಒಪ್ಪಿದೆವೆಂದು ಮನೆಗೆ ಹೋಗುವರು; ಒಪ್ಪಿದುದು ಏನನ್ನೆಂದು ಇಬ್ಬರಿಗೂ ತಿಳಿಯದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದನ್ನೇ ನಿಜವಾದ ಸಂಪತ್ತೆಂದು ಮಳಖೇಡದ ಆ ಗ್ರಂಥವು ಎಣಿಸಿದೆ. ಸೈರಿಸಬೇಕಾದರೆ ಅದು ಪರರದೆಂಬುದು ಮೊದಲು ಕಾಣಬೇಕು. ‘ವಾಕ್ಯ’ವನ್ನೂ ಏಕವಚನದ ‘ದೇವರ’ನ್ನೂ ಆರಿಸಿದವರು ಓದುಗನ ಕಿವಿಗೆ ಸ್ವಲ್ಪ ಒರಟಾದರೂ ಈ ಪರತ್ವವನ್ನು ಉಳಿಸಿದರು, ‘ನರಾವತಾರ’ವನ್ನು ಆರಿಸಿದವರು ನಯವನ್ನು ನೋಡಿ ಅದನ್ನು ಕಳೆದರು. ಮುಂದೆ ಈ ವಿಶ್ವಾಸಪ್ರಮಾಣಗಳನ್ನು ಮತ್ತೊಮ್ಮೆ ಕನ್ನಡಿಸುವವರು ‘ಜನಿತ’, ‘ಅದೇ ಸ್ವರೂಪ’, ‘ಮನುಷ್ಯನಾದನು’, ‘ದೇವರ ತಾಯಿ’ ಎಂಬ ನಿರಾಡಂಬರವಾದ ಪದಗಳನ್ನು ಹಿಡಿದು, ‘ವ್ಯಕ್ತಿ’ಯ ಸ್ಥಾನಕ್ಕೆ ಇನ್ನೂ ದೊರೆಯದ ಪದವನ್ನು ಹುಡುಕುವ ಕೆಲಸವನ್ನು ಮಳಖೇಡದ ಟೀಕೆಗಳನ್ನೂ ಕಲ್ಯಾಣದ ವಚನಗಳನ್ನೂ ಓದಿದ ಮೇಲೆ ಕೈಕೊಂಡರೆ ಅದು ಕ್ರೈಸ್ತರಿಗೆ ಮಾತ್ರವಲ್ಲದೆ ಕನ್ನಡಕ್ಕೂ ಉಪಕಾರವಾಗುವುದು.